‘ಸರ್ವರ್ ಇಲ್ಲ, ನಾಳೆ ಬನ್ನಿ’: ನಮ್ಮ ಪಹಣಿ ದೂರ ಹೋದ ಕಥೆ

ಬೆಳಿಗ್ಗೆ ಹತ್ತೂವರೆ. ಪಹಣಿ ಕೊಡುವ ಕೌಂಟರ್ ಮುಂದೆ ಇಪ್ಪತ್ತು ಜನರ ಸಾಲು. ನನ್ನ ಮುಂದೆ ಒಬ್ಬ ಅಜ್ಜಿ ನಿಂತಿದ್ದರು. ಬ್ಯಾಂಕಿನವರು ಬೆಳೆ ಸಾಲಕ್ಕೆ ಪಹಣಿ ಕೇಳಿದ್ದಾರೆ ಅಂತ ಎರಡು ಬಸ್ಸು ಬದಲಿಸಿ ಬಂದಿದ್ದರು. ಒಳಗಿದ್ದ ಹುಡುಗ ತಲೆ ಎತ್ತದೆ ಹೇಳಿದ: ‘ಸರ್ವರ್ ಇಲ್ಲ ಅಜ್ಜಿ, ನಾಳೆ ಬನ್ನಿ.’

ಅಜ್ಜಿ ಕೇಳಿದರು: ‘ಎಲ್ಲಿಗೆ ಹೋಗವ್ರಪ್ಪಾ? ಎಷ್ಟೊತ್ತಿಗೆ ಬರ್ತಾರೆ ಹೇಳು, ಇಲ್ಲೇ ಕೂತಿರ್ತೀನಿ.’

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದರೆ, ಅಜ್ಜಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವರು ಚಿಕ್ಕವರಿದ್ದಾಗ ಊರಿನ ಜಮೀನಿನ ಲೆಕ್ಕ ಇಟ್ಟುಕೊಂಡು, ಕೇಳಿದವರಿಗೆ ತೆಗೆದು ಕೊಡುತ್ತಿದ್ದದ್ದು ಒಬ್ಬ ಮನುಷ್ಯನೇ. ಅವರು ಇಲ್ಲದಿದ್ದರೆ ಕೆಲಸ ಆಗುತ್ತಿರಲಿಲ್ಲ. ಆದರೆ ಎಲ್ಲಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ ಅಂತ ಕೇಳಬಹುದಿತ್ತು. ಇವತ್ತು ಹಾಗೆ ಕೇಳಿದರೆ ಜನ ನಗುತ್ತಾರೆ.

ಈ ಅರವತ್ತು ವರ್ಷಗಳಲ್ಲಿ ನಮ್ಮ ದಾಖಲೆ ಊರಿಂದ ತಾಲ್ಲೂಕಿಗೆ, ತಾಲ್ಲೂಕಿಂದ ಬೆಂಗಳೂರಿಗೆ ಹೋಯಿತು. ಅದನ್ನು ದಿನಾ ಬೆಳಿಗ್ಗೆ ಎದುರಿನ ಕಂಪ್ಯೂಟರಿಗೆ ತಂದು ಜೋಡಿಸುವ ಕೆಲಸ ಮನುಷ್ಯರ ಕೈಯಿಂದ ಯಂತ್ರಕ್ಕೆ ಹೋಯಿತು. ಆ ಜೋಡಣೆಯ ಚರಿತ್ರೆ ಇದು.

ಶಾನುಭೋಗರ ದಫ್ತರ

ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಜಮೀನಿನ ಲೆಕ್ಕ ಶಾನುಭೋಗರ ಕೈಯಲ್ಲಿತ್ತು. ಕೆಲಸ ತಂದೆಯಿಂದ ಮಗನಿಗೆ ಬರುತ್ತಿತ್ತು. ಲೆಕ್ಕದ ಪುಸ್ತಕಗಳು ಬಟ್ಟೆಯಲ್ಲಿ ಸುತ್ತಿದ ದಫ್ತರವಾಗಿ ಅವರ ಮನೆಯಲ್ಲೇ ಇರುತ್ತಿದ್ದವು. ಇನ್ನೂ ಹಿಂದೆ ಹೋದರೆ ಕಾಗದದ ಜಾಗದಲ್ಲಿ ಕಡತ ಸಿಗುತ್ತದೆ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಚಿ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಿತ್ತು. ಇವತ್ತು ಆಫೀಸಿನ ಫೈಲಿಗೆ ‘ಕಡತ’ ಅನ್ನುವುದು ಆ ಬಟ್ಟೆಯ ಹೆಸರಿನಿಂದಲೇ.

ಆ ವ್ಯವಸ್ಥೆ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಓದು ಬಾರದ ರೈತನಿಗೆ ಪುಸ್ತಕದಲ್ಲಿ ಏನಿದೆ ಅಂತ ನೋಡುವ ದಾರಿ ಇರಲಿಲ್ಲ. ಶಾನುಭೋಗರು ಹೇಳಿದ್ದೇ ಲೆಕ್ಕ. ದಫ್ತರಕ್ಕೆ ಬೆಂಕಿ ಬಿದ್ದರೆ, ಗೆದ್ದಲು ಹಿಡಿದರೆ ಒಂದು ಊರಿನ ಲೆಕ್ಕವೇ ಹೋಗುತ್ತಿತ್ತು. ಆದರೆ ಒಂದು ವಿಷಯ ಎಲ್ಲರಿಗೂ ಗೊತ್ತಿತ್ತು: ಪುಸ್ತಕ ಯಾರ ಮನೆಯಲ್ಲಿದೆ, ಯಾರನ್ನು ಕೇಳಬೇಕು.

1961ರಲ್ಲಿ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಬಂತು. 1963ರ ಫೆಬ್ರುವರಿ 1ರಿಂದ ಅದು ಜಾರಿಯಾಗಿ, ಪಟೇಲ, ಶಾನುಭೋಗರ ವಂಶದ ಅಧಿಕಾರ ಮುಗಿಯಿತು. ಅವರ ಜಾಗಕ್ಕೆ ಸರ್ಕಾರದ ಸಂಬಳ ತೆಗೆದುಕೊಳ್ಳುವ, ವರ್ಗಾವಣೆಯಾಗುವ ಗ್ರಾಮ ಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯ್ದೆ ಪಹಣಿಗೆ ಈಗಿನ ಕಾನೂನಿನ ಚೌಕಟ್ಟು ಕೊಟ್ಟಿತು. ದಫ್ತರ ಮನೆಯಿಂದ ಹೊರಟು ಲೆಕ್ಕಿಗರ ಚೀಲ ಸೇರಿತು. ಒಬ್ಬ ಲೆಕ್ಕಿಗರಿಗೆ ಮೂರು ನಾಲ್ಕು ಹಳ್ಳಿ. ಅವರು ಇವತ್ತು ಯಾವ ಹಳ್ಳಿಯಲ್ಲಿದ್ದಾರೆ ಅಂತ ಹುಡುಕುವುದೇ ರೈತನಿಗೆ ಒಂದು ಕೆಲಸವಾಯಿತು. ದಾಖಲೆ ನಮ್ಮಿಂದ ಒಂದು ಹೆಜ್ಜೆ ದೂರ ಹೋಗಿತ್ತು.

ಗೌರಿಬಿದನೂರಿನ ಟೇಪು

ಮಾಹಿತಿ ಹುಟ್ಟುವುದು ಒಂದು ಕಡೆ, ಅದನ್ನು ಇಡುವುದು ಇನ್ನೊಂದು ಕಡೆ. ಹೀಗೆ ಕೆಲಸ ಮಾಡುವ ಯಂತ್ರಗಳು ನಮ್ಮ ಸೀಮೆಗೆ ಪಹಣಿ ಕಂಪ್ಯೂಟರಿಗಿಂತ ಬಹಳ ಮೊದಲೇ ಬಂದಿದ್ದವು. 1965ರಲ್ಲಿ ಅಣುಶಕ್ತಿ ಇಲಾಖೆಯ ವಿಜ್ಞಾನಿಗಳು ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಸಹಕಾರದಲ್ಲಿ ಗೌರಿಬಿದನೂರಿನಲ್ಲಿ ಭೂಕಂಪನ ಅಳೆಯುವ ಕೇಂದ್ರ ಕಟ್ಟಿದರು. ಈಗಿನ ಭಾಭಾ ಅಣು ಸಂಶೋಧನಾ ಕೇಂದ್ರ ಅದನ್ನು ನಡೆಸಿಕೊಂಡು ಬಂದಿದೆ. ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಎರಡು ಉದ್ದನೆಯ ತೋಳು, ಅವುಗಳ ಉದ್ದಕ್ಕೂ ಹೊಲ ಗುಡ್ಡಗಳ ನಡುವೆ 20 ಕಂಪನಮಾಪಕಗಳು. ಎಲ್ಲವೂ ಹಿಡಿದ ಸಂಕೇತಗಳು ಒಂದೇ ಪ್ರಯೋಗಾಲಯಕ್ಕೆ ಬಂದು ಕಾಂತೀಯ ಟೇಪಿನ ಮೇಲೆ ದಾಖಲಾಗುತ್ತಿದ್ದವು.

ಅಷ್ಟು ಕಷ್ಟಪಟ್ಟದ್ದು ಯಾಕೆಂದರೆ, 1963ರ ಒಪ್ಪಂದದಿಂದ ಆಕಾಶದಲ್ಲಿ, ನೀರಿನಲ್ಲಿ ಅಣುಬಾಂಬ್ ಪರೀಕ್ಷೆ ನಿಷೇಧವಾಗಿತ್ತು. ನೆಲದೊಳಗಿನ ಪರೀಕ್ಷೆ ಮಾತ್ರ ಉಳಿದಿತ್ತು. ಸಾವಿರಾರು ಕಿಲೋಮೀಟರ್ ಆಚೆ ನೆಲದೊಳಗೆ ಸಿಡಿದದ್ದು ಬಾಂಬೋ ಸಹಜ ಭೂಕಂಪವೋ ಅಂತ ತಿಳಿಯಬೇಕಾದರೆ ಹಲವು ಮಾಪಕಗಳ ದಾಖಲೆ ಒಂದೇ ಕಡೆ ಕೂಡಬೇಕು. ಚೂರುಚೂರಾಗಿ ಇಪ್ಪತ್ತು ಕಡೆ ಇದ್ದರೆ ಉಪಯೋಗವಿಲ್ಲ.

ಟೇಪು ತುಂಬಿದರೆ ಬಿಚ್ಚಿಡಬೇಕು, ಹೊಸದನ್ನು ಯಂತ್ರಕ್ಕೆ ಏರಿಸಬೇಕು. ಹಳೆಯದನ್ನು ಓದಬೇಕೆಂದರೆ ಅದನ್ನೇ ಹುಡುಕಿ ತಂದು ಮತ್ತೆ ಏರಿಸಬೇಕು. ಆ ಕಾಲದ ಕಂಪ್ಯೂಟರ್ ಕೊಠಡಿಗಳಲ್ಲೆಲ್ಲ ಟೇಪು, ಡಿಸ್ಕ್ ಏರಿಸುವುದೇ ಕೆಲವರ ದಿನದ ಕೆಲಸ. ಇಂಗ್ಲಿಷಿನಲ್ಲಿ ಅದಕ್ಕೆ ‘ಮೌಂಟ್’ ಅನ್ನುತ್ತಿದ್ದರು. ಇವತ್ತು ಕಂಪ್ಯೂಟರಿಗೆ ದೂರದ ಡಿಸ್ಕ್ ಜೋಡಿಸುವುದಕ್ಕೂ ಅದೇ ಮಾತು. ಏರಿಸುವ ಕೈ ಮಾತ್ರ ಈಗ ಕಾಣುವುದಿಲ್ಲ.

ಡಿಸ್ಕ್ ಇಲ್ಲದ ಕಂಪ್ಯೂಟರ್

ಆ ಕೈ ಮರೆಯಾದದ್ದು 1980ರ ದಶಕದಲ್ಲಿ, ಅಮೆರಿಕದಲ್ಲಿ. ಆಗ ಮೇಜಿನ ಮೇಲಿಡುವ ಕಂಪ್ಯೂಟರುಗಳು ಬಂದಿದ್ದವು, ಆದರೆ ಮಾಹಿತಿ ಇಡುವ ಡಿಸ್ಕಿನ ಬೆಲೆ ಬಹಳ ದುಬಾರಿ. ಹತ್ತು ಜನರಿಗೆ ಹತ್ತು ಡಿಸ್ಕ್ ಕೊಡುವ ಬದಲು ಒಂದು ದೊಡ್ಡ ಡಿಸ್ಕನ್ನು ಎಲ್ಲರೂ ಹಂಚಿಕೊಂಡರೆ? ಊರಿಗೊಂದು ಸೇದುವ ಬಾವಿ ಇದ್ದ ಹಾಗೆ.

1982ರಲ್ಲಿ ನಾಲ್ಕು ಜನ ಸೇರಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಶುರು ಮಾಡಿದರು. ಅವರಲ್ಲಿ ಒಬ್ಬರು ಪುಣೆಯಲ್ಲಿ ಹುಟ್ಟಿದ ವಿನೋದ್ ಖೋಸ್ಲಾ. ಈ ಕಂಪನಿ 1984ರ ಹೊತ್ತಿಗೆ ಎನ್‌ಎಫ್‌ಎಸ್ ಅನ್ನುವ ವ್ಯವಸ್ಥೆ ರೂಪಿಸಿ, ಮರುವರ್ಷ ಹೊರಗೆ ಬಿಟ್ಟಿತು. ಇದರಿಂದ ಇನ್ನೊಂದು ಕೋಣೆಯಲ್ಲಿರುವ ಡಿಸ್ಕ್ ನಿಮ್ಮದೇ ಕಂಪ್ಯೂಟರಿನೊಳಗಿನ ಒಂದು ಫೋಲ್ಡರಿನ ಹಾಗೆ ಕಾಣುತ್ತದೆ. ಫೈಲು ದೂರದಲ್ಲಿದೆ ಅನ್ನುವುದು ಕೂತವರ ಅರಿವಿಗೇ ಬರುವುದಿಲ್ಲ. ಸ್ವಂತ ಡಿಸ್ಕೇ ಇಲ್ಲದ ಕಂಪ್ಯೂಟರುಗಳನ್ನೂ ಆ ಕಂಪನಿ ಮಾರಿತು. ಅಂಥ ಯಂತ್ರ ಸ್ವಿಚ್ ಹಾಕಿದ ಕೂಡಲೇ ತಂತಿಯ ಮೇಲೆ ಕೂಗಿ ಕೇಳುತ್ತಿತ್ತು: ನಾನು ಯಾರು, ನನ್ನ ಸಾಮಾನು ಎಲ್ಲಿದೆ? ಆಚೆಯಿಂದ ಉತ್ತರ ಬಂದ ಮೇಲೇ ಅದಕ್ಕೆ ಪೂರ್ತಿ ಎಚ್ಚರ.

ಅದೇ ಹೊತ್ತಿಗೆ ಸಣ್ಣ ಪಿಸಿಗಳಿಗೂ ನೊವೆಲ್ ಕಂಪನಿಯ ನೆಟ್‌ವೇರ್ ಬಂತು. ನಮ್ಮ ದೇಶದ ಅನೇಕ ಆಫೀಸುಗಳಲ್ಲಿ 1990ರ ದಶಕದಲ್ಲಿ ಇದ್ದದ್ದು ಅದೇ. ಬೆಳಿಗ್ಗೆ ಗುಮಾಸ್ತರು ಹೆಸರು, ಪಾಸ್‌ವರ್ಡ್ ಹೊಡೆದರೆ, ಮೊದಲೇ ಬರೆದಿಟ್ಟ ಒಂದು ಪಟ್ಟಿ ತಾನಾಗಿ ಓಡಿ ಸರ್ವರಿನ ಡಿಸ್ಕಿಗೆ ‘ಎಫ್’ ಅಂತ ಒಂದು ಅಕ್ಷರ ಕೊಡುತ್ತಿತ್ತು. ಗುಮಾಸ್ತರ ಪಾಲಿಗೆ ಆಫೀಸಿನ ಲೆಕ್ಕವೆಲ್ಲ ‘ಎಫ್ ಡ್ರೈವ್’ನಲ್ಲಿ. ಅದು ಯಾವ ಕೋಣೆಯ ಯಾವ ಪೆಟ್ಟಿಗೆ ಅಂತ ಅವರು ತಿಳಿಯಬೇಕಾಗಿರಲಿಲ್ಲ. ವಿಂಡೋಸ್ ಬಂದ ಮೇಲೂ ಇದೇ ರೀತಿ. ಒಂದು ಸಲ ಡ್ರೈವ್ ಜೋಡಿಸಿ, ಪ್ರತಿ ಸಲ ತಾನೇ ಜೋಡಿಸಿಕೋ ಅನ್ನುವ ಗುರುತಿಗೆ ಟಿಕ್ ಹಾಕಿದರೆ ಮುಗಿಯಿತು. ಲಿನಕ್ಸ್ ಕಂಪ್ಯೂಟರಿನಲ್ಲಿ ಎಫ್‌ಎಸ್‌ಟ್ಯಾಬ್ ಅನ್ನುವ ಫೈಲಿನಲ್ಲಿ ಒಂದು ಸಾಲು ಬರೆಯುತ್ತಾರೆ: ಯಾವ ಸರ್ವರ್, ಯಾವ ಫೋಲ್ಡರ್, ಇಲ್ಲಿ ಎಲ್ಲಿ ತೋರಿಸಬೇಕು. ಕಂಪ್ಯೂಟರ್ ಶುರುವಾದಾಗೆಲ್ಲ ಅದನ್ನು ಓದಿ ಜೋಡಿಸಿಕೊಳ್ಳುತ್ತದೆ.

ಟೇಪು ಏರಿಸುತ್ತಿದ್ದವರ ಕೆಲಸ ಹೀಗೆ ಒಂದು ಸಾಲಿನ ಬರಹವಾಯಿತು.

ಕೋಲಾರದ ಕಂಪ್ಯೂಟರ್, ತಾಲ್ಲೂಕಿನ ಲೆಕ್ಕ

ಈಗ ನಮ್ಮ ಪಹಣಿಗೆ ಬರೋಣ. ಕರ್ನಾಟಕದಲ್ಲಿ ಭೂದಾಖಲೆ ಗಣಕೀಕರಣದ ಮೊದಲ ಪ್ರಯತ್ನ ನಡೆದದ್ದು 1991ರಲ್ಲಿ, ಆಗಿನ ಗುಲ್ಬರ್ಗ ಜಿಲ್ಲೆಯಲ್ಲಿ. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತು. ಆದರೆ ಅದು ಫಲ ಕೊಡಲಿಲ್ಲ. ಒಂದು ದೊಡ್ಡ ಕಾರಣ ಬಹಳ ಸರಳ. ದಾಖಲೆ ತಿದ್ದುಪಡಿ ಆಗುತ್ತಿದ್ದದ್ದು ತಾಲ್ಲೂಕಿನಲ್ಲಿ, ತಾಲ್ಲೂಕಿನಲ್ಲಿ ಕಂಪ್ಯೂಟರ್ ಇಡುವುದಕ್ಕೆ ಮಾತ್ರ ಯೋಜನೆಯಲ್ಲಿ ಅವಕಾಶ ಇರಲಿಲ್ಲ.

ನಮ್ಮ ಲೆಕ್ಕಕ್ಕೆ ಹಾಕಿ ನೋಡಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಆಗ ಕೋಲಾರ ಜಿಲ್ಲೆಯ ತಾಲ್ಲೂಕುಗಳು. ನಮ್ಮದೇ ಜಿಲ್ಲೆ ಆದದ್ದು 2007ರಲ್ಲಿ. ಗೌರಿಬಿದನೂರಿನ ಪೌತಿ ಖಾತೆ ಗೌರಿಬಿದನೂರಿನ ಪುಸ್ತಕದಲ್ಲಿ ಇವತ್ತು ಬದಲಾಗುತ್ತದೆ, ನೂರು ಕಿಲೋಮೀಟರ್ ಆಚೆ ಕೋಲಾರದ ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲ. ಆರು ತಿಂಗಳಾದ ಮೇಲೆ ಕಂಪ್ಯೂಟರಿನಲ್ಲಿ ಇರುವುದು ಹಳೆಯ ಲೆಕ್ಕ. ನಡುವೆ ಕೊಂಡಿಯೇ ಇಲ್ಲದಿದ್ದರೆ ದೂರದ ಪೆಟ್ಟಿಗೆಯಲ್ಲಿ ಏನು ಇಟ್ಟರೂ ಅದು ಹಳಸಿದ ಅನ್ನ.

ಇದನ್ನು ಸರಿಪಡಿಸಿದ್ದು ‘ಭೂಮಿ’ ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಎನ್‌ಐಸಿ ತಂತ್ರಜ್ಞರು ಬರೆದ ತಂತ್ರಾಂಶದಲ್ಲಿ, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ರಾಜ್ಯದ 177 ತಾಲ್ಲೂಕುಗಳ ಪಹಣಿ ಕಂಪ್ಯೂಟರಿಗೆ ಏರಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ. ಅದುವರೆಗೆ ಇವೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಅಚ್ಚಾದ ಪಹಣಿ ಸಿಗುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ತೆಗೆದರು. ತಿದ್ದುಪಡಿ ಮಾಡುವ ಅಧಿಕಾರಿ ಬೆರಳಚ್ಚು ಕೊಟ್ಟೇ ಕಂಪ್ಯೂಟರಿನೊಳಗೆ ಹೋಗಬೇಕು. ಯಾರು ತಿದ್ದಿದರು ಅನ್ನುವುದು ಉಳಿಯುತ್ತದೆ. ಲೆಕ್ಕಿಗರನ್ನು ಹುಡುಕಿಕೊಂಡು, ಕೈ ಬಿಸಿ ಮಾಡಿ ಪಹಣಿ ಬರೆಸುತ್ತಿದ್ದವರಿಗೆ ಇದು ದೊಡ್ಡ ಬಿಡುಗಡೆ.

ಮೊದಲ ವರ್ಷಗಳಲ್ಲಿ ಒಂದೊಂದು ತಾಲ್ಲೂಕಿಗೂ ಅದರದ್ದೇ ಸರ್ವರ್ ಇತ್ತು. ಚಿಂತಾಮಣಿಯ ದಾಖಲೆ ಚಿಂತಾಮಣಿಯಲ್ಲಿ, ಶಿಡ್ಲಘಟ್ಟದ್ದು ಶಿಡ್ಲಘಟ್ಟದಲ್ಲಿ. ಚಿಂತಾಮಣಿಯ ಸರ್ವರ್ ಕೆಟ್ಟರೆ ಶಿಡ್ಲಘಟ್ಟದಲ್ಲಿ ಪಹಣಿ ಸಿಗುವುದು ನಿಲ್ಲುತ್ತಿರಲಿಲ್ಲ. ಸರ್ವರ್ ಅನ್ನುವುದು ಅದೇ ಕಟ್ಟಡದ ಇನ್ನೊಂದು ಕೋಣೆ. ಅಲ್ಲಿ ಲೈಟ್ ಉರಿಯುತ್ತಿದೆಯಾ ಇಲ್ಲವಾ ಅಂತ ಎದ್ದು ಹೋಗಿ ನೋಡಬಹುದಿತ್ತು.

ಆಮೇಲೆ ರಾಜ್ಯದ ಉದ್ದಗಲಕ್ಕೂ ಸರ್ಕಾರದ್ದೇ ನೆಟ್‌ವರ್ಕ್ ಬಂತು, ಬೆಂಗಳೂರಿನಲ್ಲಿ ರಾಜ್ಯ ದತ್ತಾಂಶ ಕೇಂದ್ರ ಬಂತು, ತಾಲ್ಲೂಕುಗಳ ದಾಖಲೆ ಅಲ್ಲಿಗೆ ಹೋಗಿ ಒಂದಾಯಿತು. ಇದಕ್ಕೂ ಒಳ್ಳೆಯ ಕಾರಣಗಳಿದ್ದವು. ಒಂದು ತಾಲ್ಲೂಕು ಕಚೇರಿಗೆ ಬೆಂಕಿ ಬಿದ್ದರೂ ದಾಖಲೆ ಉಳಿಯುತ್ತದೆ. ಪಹಣಿಗೆ ತಾಲ್ಲೂಕಿಗೇ ಹೋಗಬೇಕಿಲ್ಲ, ನಾಡಕಚೇರಿಯಲ್ಲಿ ಸಿಗುತ್ತದೆ, ಫೋನಿನಲ್ಲೂ ನೋಡಬಹುದು. ಬ್ಯಾಂಕಿಗೆ, ನೋಂದಣಿ ಕಚೇರಿಗೆ ಒಂದೇ ಲೆಕ್ಕ ಕಾಣುತ್ತದೆ.

ಭೂಮಿಯಲ್ಲಿ ಇರುವುದು ಫೋಲ್ಡರ್ ಅಲ್ಲ, ಡೇಟಾಬೇಸ್ ಅನ್ನುವ ಬೇರೆ ಬಗೆಯ ಕಣಜ. ಜೋಡಿಸುವ ವಿಧಾನ ಬೇರೆ. ಆದರೂ ಬೆಳಿಗ್ಗೆ ಸ್ವಿಚ್ ಹಾಕಿದ ಕಂಪ್ಯೂಟರ್ ಕೇಳುವ ಪ್ರಶ್ನೆ ನಲವತ್ತು ವರ್ಷದ ಹಿಂದಿನದ್ದೇ: ನನ್ನ ಸಾಮಾನು ಎಲ್ಲಿದೆ?

ಕರೆಂಟ್ ಬಂದ ಮೇಲಿನ ಐದು ನಿಮಿಷ

ಆ ಪ್ರಶ್ನೆಗೆ ಉತ್ತರ ಬಾರದೆ ಇದ್ದರೆ? ಕಾರಣ ಹಲವು. ಎಲ್ಲೋ ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿರಬಹುದು. ಬೆಂಗಳೂರಿನ ಯಂತ್ರದ ಮೇಲೆ ಒಂದೇ ಹೊತ್ತಿಗೆ ಹೆಚ್ಚು ಜನ ಬಿದ್ದಿರಬಹುದು. ಪಾಸ್‌ವರ್ಡ್ ಬದಲಾಗಿರಬಹುದು. ನಮ್ಮ ಹಳ್ಳಿ ಕಡೆಯ ಇನ್ನೊಂದು ಮಾಮೂಲಿ ಕಾರಣ ಮಾತ್ರ ಬಹಳ ಜನರಿಗೆ ಗೊತ್ತಿಲ್ಲ.

ಕರೆಂಟ್ ಹೋಗಿ ಬಂತು ಅಂದುಕೊಳ್ಳಿ. ಕಚೇರಿಯ ಎಲ್ಲ ಯಂತ್ರಗಳೂ ಒಟ್ಟಿಗೆ ಏಳುತ್ತವೆ. ಆದರೆ ಎಲ್ಲವೂ ಒಂದೇ ವೇಗದಲ್ಲಿ ಏಳುವುದಿಲ್ಲ. ಮೇಜಿನ ಮೇಲಿನ ಕಂಪ್ಯೂಟರಿಗೆ ಅರ್ಧ ನಿಮಿಷ ಸಾಕು. ಇಂಟರ್‌ನೆಟ್ ಪೆಟ್ಟಿಗೆಗೆ ಒಂದೆರಡು ನಿಮಿಷ. ಮಾಹಿತಿ ಇಟ್ಟಿರುವ ದೊಡ್ಡ ಯಂತ್ರಕ್ಕೆ ಇನ್ನೂ ಹೆಚ್ಚು. ಕಂಪ್ಯೂಟರ್ ಎದ್ದು ಡಿಸ್ಕ್ ಎಲ್ಲಿ ಅಂತ ಕೇಳುತ್ತದೆ, ಉತ್ತರ ಕೊಡಬೇಕಾದವರು ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಒಂದೆರಡು ಸಲ ಕೇಳಿ ಸುಮ್ಮನಾಗುತ್ತದೆ. ಐದು ನಿಮಿಷದ ಮೇಲೆ ಎಲ್ಲ ಸರಿಯಾಗಿದ್ದರೂ ಕಂಪ್ಯೂಟರ್ ಮತ್ತೆ ಕೇಳುವುದಿಲ್ಲ. ಡ್ರೈವಿನ ಮೇಲೆ ಕೆಂಪು ಗುರುತು ಹಾಗೇ ಉಳಿಯುತ್ತದೆ. ಎದುರಿಗಿದ್ದವರು ‘ಸರ್ವರ್ ಇಲ್ಲ’ ಅನ್ನುತ್ತಾರೆ. ನಿಜಕ್ಕೂ ಸರ್ವರ್ ಇರುತ್ತದೆ, ಕೇಳಿದ ಹೊತ್ತು ಮಾತ್ರ ತಪ್ಪಿರುತ್ತದೆ.

ಈ ತೊಂದರೆ ಎನ್‌ಎಫ್‌ಎಸ್ ಬಂದ ಕೆಲವೇ ವರ್ಷಗಳಲ್ಲಿ ಅದನ್ನು ಕಟ್ಟಿದವರಿಗೂ ಗೊತ್ತಾಗಿತ್ತು. ಅದಕ್ಕೆ ಎರಡು ಉಪಾಯ ಬಂದವು. ಒಂದು, ನೆಟ್‌ವರ್ಕ್ ಎದ್ದ ಮೇಲೇ ಜೋಡಿಸಲು ಹೋಗು ಅಂತ ಕಂಪ್ಯೂಟರಿಗೆ ಹೇಳುವುದು. ಎರಡು, ಶುರುವಿನಲ್ಲಿ ಜೋಡಿಸುವುದೇ ಬೇಡ, ಯಾರಾದರೂ ಆ ಫೋಲ್ಡರ್ ತೆರೆದಾಗ ಆಗ ಜೋಡಿಸು ಅನ್ನುವುದು. ಎರಡನೆಯದಕ್ಕೆ ಆಟೋಮೌಂಟ್ ಅಂತ ಹೆಸರು. ಸನ್ ಕಂಪನಿ 1980ರ ದಶಕದ ಕೊನೆಗೇ ಇದನ್ನು ತಂದಿತ್ತು. ಇಂದಿನ ವಿಂಡೋಸ್, ಲಿನಕ್ಸ್ ಎರಡರಲ್ಲೂ ಕಾಯುವ ವ್ಯವಸ್ಥೆ ಇದೆ. ಆದರೆ ಯಾರಾದರೂ ಒಬ್ಬರು ಅದನ್ನು ಹೇಳಿ ಇಡಬೇಕು.

ಹಾಗಾಗಿ ಸೇವಾ ಕೇಂದ್ರ, ಸೊಸೈಟಿ, ಶಾಲೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ತಮ್ಮ ತಂಗಿಯರಿಗೆ ಒಂದು ಮಾತು: ಕರೆಂಟ್ ಬಂದ ಮೇಲೆ ಮೊದಲು ಇಂಟರ್‌ನೆಟ್ ಪೆಟ್ಟಿಗೆ, ಆಮೇಲೆ ಮಾಹಿತಿ ಇಟ್ಟ ಯಂತ್ರ, ಕೊನೆಗೆ ಮೇಜಿನ ಕಂಪ್ಯೂಟರ್. ಆಗಲೂ ಬರದಿದ್ದರೆ ಐದು ನಿಮಿಷ ಬಿಟ್ಟು ಕಂಪ್ಯೂಟರ್ ಇನ್ನೊಂದು ಸಲ ಆಫ್ ಮಾಡಿ ಆನ್ ಮಾಡಿ. ಜನರನ್ನು ನಾಳೆ ಬನ್ನಿ ಅಂತ ಕಳಿಸುವ ಮುಂಚೆ ಇಷ್ಟು ಮಾಡಿದರೆ ಒಬ್ಬರ ದಿನದ ಕೂಲಿ ಉಳಿದೀತು.

ಖಾಲಿ ಫೋಲ್ಡರ್

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದು ನಮ್ಮ ತಂಡದಲ್ಲೇ ಆಯಿತು, ತಪ್ಪು ನಮ್ಮದೇ. ಹಿರಿಯರ ಮಾತು ದಾಖಲಿಸಿದ ಆಡಿಯೊಗಳನ್ನೆಲ್ಲ ನಾವು ಒಂದು ಹಂಚಿಕೆಯ ಡಿಸ್ಕಿನಲ್ಲಿ ಇಡುತ್ತೇವೆ. ಒಂದು ಮಳೆಗಾಲದ ದಿನ ಕರೆಂಟ್ ಹೋಗಿ ಬಂತು. ಮರುದಿನ ನಾನು ಫೋಲ್ಡರ್ ತೆರೆದರೆ ಖಾಲಿ. ಎರಡು ವರ್ಷದ ಕೆಲಸ ಹೋಯಿತು ಅಂತ ಕೈಕಾಲು ತಣ್ಣಗಾಯಿತು. ಏನೂ ಹೋಗಿರಲಿಲ್ಲ. ಡಿಸ್ಕ್ ಜೋಡಣೆಯಾಗಿರಲಿಲ್ಲ ಅಷ್ಟೇ. ನಾನು ನೋಡುತ್ತಿದ್ದದ್ದು ಡಿಸ್ಕ್ ಬಂದು ಕೂರಬೇಕಾದ ಖಾಲಿ ಜಾಗ.

ಅದು ಗೊತ್ತಾಗುವ ಮುಂಚೆ ಗೆಳೆಯರೊಬ್ಬರು ಅದೇ ಖಾಲಿ ಫೋಲ್ಡರಿಗೆ ಮೂರು ಹೊಸ ಆಡಿಯೊ ಹಾಕಿದ್ದರು. ಡಿಸ್ಕ್ ಜೋಡಿಸಿದ ಕೂಡಲೇ ಹಳೆಯದೆಲ್ಲ ಬಂತು, ಆ ಮೂರು ಮಾಯವಾದವು. ಅವು ಕಂಪ್ಯೂಟರಿನ ಸ್ವಂತ ಡಿಸ್ಕಿನಲ್ಲೇ ಇದ್ದವು, ಮೇಲೆ ಬಂದು ಕೂತ ದೂರದ ಡಿಸ್ಕ್ ಅವನ್ನು ಮುಚ್ಚಿತ್ತು. ಜೋಡಣೆ ಬಿಚ್ಚಿ ನೋಡಿದಾಗ ಸಿಕ್ಕಿದವು. ಚಾಪೆ ಹಾಸಿದ ಮೇಲೆ ಅಡಿಯಲ್ಲಿದ್ದ ನಾಣ್ಯ ಕಾಣದ ಹಾಗೆ.

ಇದನ್ನು ಹೇಳಿದ್ದು ಯಾಕೆಂದರೆ, ತಾನಾಗಿ ನಡೆಯುವ ಕೆಲಸ ನಿಂತಾಗ ಸದ್ದೇ ಆಗುವುದಿಲ್ಲ. ಶಾನುಭೋಗರ ಮನೆಗೆ ಬೀಗ ಹಾಕಿದ್ದರೆ ಬೀಗ ಕಾಣುತ್ತಿತ್ತು. ಇಲ್ಲಿ ಕಾಣುವುದು ಖಾಲಿ ಫೋಲ್ಡರ್, ಇಲ್ಲದಿದ್ದರೆ ಸುತ್ತುತ್ತಲೇ ಇರುವ ಒಂದು ಚಕ್ರ.

ಎಲ್ಲರಿಗೂ ಒಂದೇ ಬಾಗಿಲು

ಎಲ್ಲ ದಾಖಲೆ ಒಂದೇ ಕಡೆ ಇದ್ದರೆ ಬಾಗಿಲೂ ಒಂದೇ. 2025ರ ಆರಂಭದಲ್ಲಿ ಇದು ಇಡೀ ರಾಜ್ಯಕ್ಕೆ ಅನುಭವವಾಯಿತು. ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶ ದಿನಗಟ್ಟಲೆ ತಡವರಿಸಿತು, ನೋಂದಣಿಗೆ ಬಂದವರು ರಾಜ್ಯದಾದ್ಯಂತ ಕಾಯ್ದು ಕೂತರು. ಇದು ಹೊರಗಿನವರು ಉದ್ದೇಶಪೂರ್ವಕವಾಗಿ ಮಾಡಿದ ಸೈಬರ್ ದಾಳಿ ಅಂತ ಕಂದಾಯ ಸಚಿವ ಕೃಷ್ಣ ಬೈರೇಗೌಡ ಹೇಳಿದರು, ಪೊಲೀಸರಿಗೆ ದೂರು ಹೋಯಿತು. ಈ ಬಗೆಯ ದಾಳಿಯಲ್ಲಿ ಬಾಗಿಲು ಒಡೆಯುವುದಿಲ್ಲ. ಸುಳ್ಳು ಗಿರಾಕಿಗಳನ್ನು ಲಕ್ಷಗಟ್ಟಲೆ ತಂದು ಬಾಗಿಲಲ್ಲಿ ನಿಲ್ಲಿಸುತ್ತಾರೆ, ನಿಜವಾದ ಗಿರಾಕಿ ಒಳಗೆ ಹೋಗುವುದಕ್ಕೆ ಆಗುವುದಿಲ್ಲ.

ಒಂದು ದಫ್ತರ ಸುಟ್ಟರೆ ಒಂದು ಊರಿಗೆ ನಷ್ಟ. ಒಂದು ತಾಲ್ಲೂಕು ಸರ್ವರ್ ಕೆಟ್ಟರೆ ಒಂದು ತಾಲ್ಲೂಕಿಗೆ ಕಷ್ಟ. ಬೆಂಗಳೂರಿನ ಬಾಗಿಲು ಮುಚ್ಚಿದರೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರೂ ಒಟ್ಟಿಗೆ ಹೊರಗೆ.

ಹಾಗಂತ ದಾಖಲೆಯನ್ನು ಮತ್ತೆ ಚೀಲಕ್ಕೆ ತುಂಬಿ ಅಂತ ಯಾರೂ ಕೇಳುವುದಿಲ್ಲ. ದೂರದ ಕಣಜವೂ ಇರಲಿ, ಹತ್ತಿರದಲ್ಲಿ ಒಂದು ಡಬ್ಬಿಯೂ ಇರಲಿ ಅನ್ನುವುದಕ್ಕೆ ನಮ್ಮೂರ ಹಾಲಿನ ಡೇರಿಯೇ ಉದಾಹರಣೆ. ಹಾಲು ಅಳೆಯುವ ಯಂತ್ರ ಸಾಮಾನ್ಯವಾಗಿ ಲೀಟರ್, ಜಿಡ್ಡು ಎಲ್ಲವನ್ನೂ ಮೊದಲು ತನ್ನೊಳಗೇ ಬರೆದುಕೊಂಡು ಚೀಟಿ ಕೊಡುತ್ತದೆ. ಒಕ್ಕೂಟಕ್ಕೆ ಕಳಿಸುವುದು ಆಮೇಲಿನ ಮಾತು. ನೆಟ್‌ವರ್ಕ್ ಇಲ್ಲ ಅಂತ ಹಾಲು ವಾಪಸ್ ಕಳಿಸಿದರೆ ಅದು ಒಡೆದು ಹೋಗುತ್ತದೆ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯದ್ದೂ ಅದೇ ಅವಸರ. ಚಂದ್ರಿಕೆಯಿಂದ ಬಿಡಿಸಿದ ಗೂಡು ಹೆಚ್ಚು ದಿನ ಕಾಯುವುದಿಲ್ಲ. ಒಳಗಿನ ಹುಳ ಚಿಟ್ಟೆಯಾಗಿ ಗೂಡು ಕೊರೆದು ಹೊರಬಂದರೆ ಆ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ಈಗ ಅಲ್ಲಿ ಲಾಟು, ಹರಾಜು, ತೂಕ ಎಲ್ಲದಕ್ಕೂ ಕಂಪ್ಯೂಟರ್ ಬಂದಿದೆ. ದಲ್ಲಾಳಿ ಕೈಗೆ ಬಟ್ಟೆ ಮುಚ್ಚಿ ಬೆಲೆ ಕಟ್ಟುವ ಕಾಲಕ್ಕಿಂತ ಇದು ಮೇಲು, ಅನುಮಾನವಿಲ್ಲ. ಆದರೆ ಗೂಡಿಗೆ ‘ನಾಳೆ ಬಾ’ ಅಂತ ಹೇಳಲಾಗುವುದಿಲ್ಲ.

ಬರೆಯದ ದಿನಗಳು

ಈಗ ಆ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಕೆಲಸ ತಡವಾದರೆ ಕೇಳುವ ಹಕ್ಕು ನಮಗಿದೆ. 2011ರ ಸಕಾಲ ಕಾಯ್ದೆ 2012ರ ಏಪ್ರಿಲ್ 2ರಿಂದ ಜಾರಿಯಲ್ಲಿದೆ. ಅರ್ಜಿ ಕೊಟ್ಟರೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಕೊಡಬೇಕು. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು.

ಆದರೆ ಗಮನಿಸಿ. ಆ ಸಂಖ್ಯೆ ಹುಟ್ಟುವುದೂ ದೂರದ ಯಂತ್ರದಲ್ಲೇ. ಕೊಂಡಿ ಇಲ್ಲದ ದಿನ ಸಂಖ್ಯೆಯೂ ಹುಟ್ಟುವುದಿಲ್ಲ. ಸಂಖ್ಯೆ ಇಲ್ಲದಿದ್ದರೆ ಅರ್ಜಿಯೇ ಇಲ್ಲ, ಅರ್ಜಿ ಇಲ್ಲದಿದ್ದರೆ ತಡವಾದ ಲೆಕ್ಕವೂ ಇಲ್ಲ. ಅಜ್ಜಿ ಎರಡು ಬಸ್ಸು ಬದಲಿಸಿ ಬಂದು ಬರಿಗೈಲಿ ಹೋದ ಆ ದಿನ ಸರ್ಕಾರದ ಯಾವ ಪುಸ್ತಕದಲ್ಲೂ ಇಲ್ಲ. ಅಂಕಿ ಅಂಶ ತೆಗೆದರೆ ಆ ದಿನ ಎಲ್ಲ ಸರಿಯಾಗಿತ್ತು.

ದಾಖಲೆ ದೂರ ಹೋಗಿದ್ದಕ್ಕೆ ನನ್ನ ತಕರಾರಿಲ್ಲ. ಹೋದ ಪ್ರತಿ ಹೆಜ್ಜೆಗೂ ಒಳ್ಳೆಯ ಕಾರಣ ಇತ್ತು. ಅದನ್ನು ಬೆಳಗ್ಗೆ ತಂದು ಜೋಡಿಸುವ ಕೆಲಸ ತಾನಾಗಿ ಆಗುವುದೂ ಒಳ್ಳೆಯದೇ. ಆದರೆ ತಾನಾಗಿ ಆಗುವ ಕೆಲಸ ಆಗದೆ ಹೋದಾಗ ಅದನ್ನು ಬರೆದಿಡುವವರು ಯಾರೂ ಇಲ್ಲ. ಅಲ್ಲೇ ಬಡವರು ಸೋಲುವುದು.

ಇದಕ್ಕೆ ದೊಡ್ಡ ತಂತ್ರಜ್ಞಾನ ಬೇಡ. ಪ್ರತಿ ಕೌಂಟರಿನಲ್ಲಿ ಒಂದು ನೋಟ್ ಪುಸ್ತಕ ಸಾಕು. ಕೊಂಡಿ ಹೋದ ಹೊತ್ತು, ಬಂದ ಹೊತ್ತು, ಆ ನಡುವೆ ಬಂದವರ ಹೆಸರು, ಅವರಿಗೆ ಬೇಕಿದ್ದ ಕೆಲಸ. ಬಂದವರಿಗೆ ಒಂದು ಕೈಬರಹದ ಚೀಟಿ. ನಾಳೆ ಬಂದಾಗ ಅವರೇ ಮೊದಲು. ಶಾನುಭೋಗರ ಕಾಲದ ಸಾಧನವೇ ಸರ್ವರ್ ಕಾಲದ ಈ ತೂತು ಮುಚ್ಚಬಹುದು.

ಅಲ್ಲಿಯವರೆಗೆ ನಾವೇ ಬರೆದಿಡೋಣ. ಇನ್ನು ಮೇಲೆ ಯಾರಾದರೂ ‘ಸರ್ವರ್ ಇಲ್ಲ’ ಅಂದರೆ ಸುಮ್ಮನೆ ತಿರುಗಬೇಡಿ. ಜಗಳವೂ ಬೇಡ, ಎದುರಿಗೆ ಕೂತ ಹುಡುಗನ ಕೈಯಲ್ಲಿ ಹೆಚ್ಚಿನದೇನೂ ಇರುವುದಿಲ್ಲ. ಮೂರು ಪ್ರಶ್ನೆ ಮಾತ್ರ ಕೇಳಿ: ಈ ಕಂಪ್ಯೂಟರಿಗೆ ಮಾತ್ರ ಇಲ್ಲವಾ, ಎಲ್ಲ ಕಡೆಯೂ ಇಲ್ಲವಾ? ಎಷ್ಟು ಹೊತ್ತಿನಿಂದ ಇಲ್ಲ? ಕಂಪ್ಯೂಟರ್ ಒಂದು ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ದೀರಾ? ಉತ್ತರವನ್ನು ದಿನ, ಗಂಟೆ ಸಮೇತ ಫೋನಿನಲ್ಲಿ ಬರೆದುಕೊಳ್ಳಿ. ಪಹಣಿ ಸಿಕ್ಕ ದಿನ ಒಂದು ಪ್ರತಿ ಹೆಚ್ಚು ತೆಗೆದು ಮನೆಯಲ್ಲಿಡಿ. ಬ್ಯಾಂಕಿನವರು ಹೊಸದೇ ಬೇಕು ಅಂದರೂ, ಸರ್ವೆ ನಂಬರ್, ವಿಸ್ತೀರ್ಣ, ಹೆಸರು ಸರಿಯಾಗಿದೆಯಾ ಅಂತ ಹೋಲಿಸಿ ನೋಡುವುದಕ್ಕೆ ಅದು ಬೇಕು.

ಒಂದು ತಿಂಗಳು ಹೀಗೆ ಬರೆದದ್ದನ್ನು ನಮಗೆ ಕಳಿಸಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ತಾಲ್ಲೂಕಿನದ್ದು ಸೇರಿಸಿ, ಯಾವ ದಿನ ಎಷ್ಟು ಹೊತ್ತು ಬಾಗಿಲು ಮುಚ್ಚಿತ್ತು ಅಂತ ಪಟ್ಟಿ ಮಾಡಿ ಇಲ್ಲೇ ಹಾಕುತ್ತೇವೆ. ‘ಎಲ್ಲಿಗೆ ಹೋಗವ್ರೆ, ಎಷ್ಟೊತ್ತಿಗೆ ಬರ್ತಾರೆ’ ಅಂತ ಅಜ್ಜಿ ಕೇಳಿದ್ದಕ್ಕೆ ಯಾರಾದರೂ ಉತ್ತರ ಕೊಡಬೇಕಲ್ಲ.